ತೂಕದ ಖಾನೆ

ಐದನೆಯ ಸಲ ಒತ್ತಿದಾಗಲೂ ಕಪ್ಪು ಚೌಕವೊಂದು ಪರದೆಯ ಮೇಲೆ ಮೂಡಿ, ರೆಪ್ಪೆ ಬಡಿಯುವಷ್ಟು ಹೊತ್ತು ನಿಂತು, ಮಾಯವಾಯಿತು. ಅದರೊಳಗೆ ಒಂದು ಸಾಲು ಬರಹವಿತ್ತು. ಓದುವಷ್ಟು ಪುರುಸೊತ್ತನ್ನು ಅದು ಕೊಡುತ್ತಿರಲಿಲ್ಲ. ಆರನೆಯ ಸಲ ಅವನು ಎಡಗೈಯಲ್ಲಿ ಫೋನು ಹಿಡಿದು ವಿಡಿಯೊ ಚಾಲೂ ಮಾಡಿ, ಬಲಗೈಯಲ್ಲಿ ಮೌಸು ಒತ್ತಿದ. ಆಮೇಲೆ ವಿಡಿಯೊವನ್ನು ಚೂರುಚೂರೇ ಹಿಂದಕ್ಕೆ ಎಳೆದು, ಆ ರೆಪ್ಪೆ ಬಡಿತವನ್ನು ಹಿಡಿದು ನಿಲ್ಲಿಸಿ, ಇರುವೆಯಂಥ ಅಕ್ಷರಗಳನ್ನು ಹಿಗ್ಗಿಸಿ ನೋಡಿದ. ಈ ತಂತ್ರಾಂಶ ಈ ಯಂತ್ರಕ್ಕೆ ಹೊಂದುವುದಿಲ್ಲ ಎಂದಿತ್ತು. ಅಷ್ಟೇ. ತಪ್ಪು ಯಾರದೆಂದು ಬರೆದಿರಲಿಲ್ಲ. ಆದರೂ ಅವನಿಗೆ ಕಿವಿಯ ಹಿಂದೆ ಬಿಸಿಯಾಯಿತು. ಯಾರಾದರೂ ನೋಡಿಬಿಟ್ಟರೇನೋ ಎಂದು ತಿರುಗಿದ. ಗಾಜಿನ ಬಾಗಿಲಿನಾಚೆ, ಬೆಂಚಿನ ಮೇಲೆ, ಕಂಡಕ್ಟರಮ್ಮ ಕೂತಿದ್ದರು. ಅವರ ಎಡಗಾಲು ನೆಲದ ಮೇಲಿತ್ತು. ಬಲಗಾಲನ್ನು, ಅಂದರೆ ಮಂಡಿಯ ಕೆಳಗೆ ಆರು ವರ್ಷದಿಂದ ತೊಟ್ಟುಕೊಂಡು ಬಂದಿದ್ದ ಕೃತಕ ಕಾಲನ್ನು, ಬಿಚ್ಚಿ ಪಕ್ಕದಲ್ಲಿ ಶೂ ಸಮೇತ ನಿಲ್ಲಿಸಿಕೊಂಡಿದ್ದರು, ಜೊತೆಗೆ ಬಂದ ಇನ್ನೊಬ್ಬರಿಗೂ ಬೆಂಚಿನ ಹತ್ತಿರ ಜಾಗ ಮಾಡಿಕೊಟ್ಟ ಹಾಗೆ. ಅದರ ಮೇಲ್ತುದಿಯ ಬಟ್ಟಲು, ಉಳಿದ ಕಾಲು ಹೋಗಿ ಕೂರುವ ಬಟ್ಟಲು, ಉದ್ದಕ್ಕೂ ಸೀಳಿತ್ತು. ಸೀಳಿಗೆ ಕಂದು ಟೇಪನ್ನು ನಾಲ್ಕು ಸುತ್ತು ಸುತ್ತಿದ್ದರು.

"ಏನ್ ಮರಿಮೇಸ್ತ್ರಿ, ವೇಷಗಾರ ಎದ್ನಾ?" ಮೂಲೆಯ ಹೊಲಿಗೆ ಯಂತ್ರದಿಂದ ಬೆಲ್ಟಿನಕ್ಕ ಕೇಳಿದಳು. ಕೃತಕ ಕಾಲುಗಳಿಗೆ ಬೇಕಾದ ಪಟ್ಟಿಗಳನ್ನೆಲ್ಲ ಹೊಲಿಯುವವಳು ಅವಳು.

"ಏಳ್ತಾನೆ."

"ಒಂಬತ್ತೂವರೆಯಿಂದ ಏಳ್ತಾನೇ ಇದಾನೆ. ನನ್ನ ಮಗನ ಜಾತಕ ಏನಾದ್ರೂ ಹಾಕಿದೀಯೇನೋ ಅದಕ್ಕೆ?"

ವೇಷಗಾರ ಎಂಬ ಹೆಸರಿಟ್ಟಿದ್ದು ಮೇಸ್ತ್ರಿ. ಆಸ್ಪತ್ರೆಯ ಹಿಂಬದಿಯ ಈ ಎರಡು ಕೋಣೆಗಳ ವರ್ಕ್‌ಶಾಪಿನಲ್ಲಿ ಮೂವತ್ತೊಂದು ವರ್ಷ ಕಾಲು ಮಾಡಿ, ಎರಡು ವರ್ಷದ ಹಿಂದೆ ನಿವೃತ್ತರಾದವರು. ಅಚ್ಚು ಕೆತ್ತುವ ಯಂತ್ರಕ್ಕೆ ಅಪ್ಪಣೆ ಕೊಡುವ ಪ್ರೋಗ್ರಾಂ ಇಪ್ಪತ್ತಾರು ವರ್ಷ ಹಳೆಯದು. ಅದನ್ನು ಬರೆದ ಕಂಪನಿ ಬಾಗಿಲು ಹಾಕಿ ಯಾವ ಕಾಲವಾಯಿತೋ. ಅದು ಓಡುತ್ತಿದ್ದಂಥ ಕಂಪ್ಯೂಟರು ಈಗ ಗುಜರಿಯಲ್ಲೂ ಸಿಗದು. ಹಾಗಾಗಿ ಹೊಸ ಕಂಪ್ಯೂಟರಿನೊಳಗೆ ಒಂದು ಎಮ್ಯುಲೇಟರ್ ಹಾಕಿದ್ದರು. ತಾನೇ ಆ ಹಳೆಯ ಕಂಪ್ಯೂಟರು ಎಂದು ನಟಿಸುವುದೊಂದೇ ಅದರ ಕೆಲಸ. ಹಳೆಯ ಪ್ರೋಗ್ರಾಂ ಅದನ್ನು ನಂಬಿ, ಹೊರಗೆ ಕಾಲ ಬದಲಾದದ್ದರ ಸುಳಿವೇ ಇಲ್ಲದೆ, ಹಸಿರು ಅಕ್ಷರಗಳಲ್ಲಿ ಪ್ರಶ್ನೆ ಕೇಳುತ್ತಾ ಕೂತಿರುತ್ತಿತ್ತು. ಎಡವೋ ಬಲವೋ? ಉದ್ದ? ಸುತ್ತಳತೆ? ತೂಕ? ಉತ್ತರ ಕೊಟ್ಟರೆ ಮುಂದಿನ ಕೋಣೆಯಲ್ಲಿ ಯಂತ್ರ ಗೊರಗೊರ ಎಂದು ಎದ್ದು, ಗಟ್ಟಿ ಫೋಮಿನ ದಿಮ್ಮಿಯನ್ನು ಕೆತ್ತಿ ಕೆತ್ತಿ ಒಬ್ಬರ ಕಾಲಿನ ಆಕಾರಕ್ಕೆ ತರುತ್ತಿತ್ತು. ಅವನು ಕೆಲಸಕ್ಕೆ ಸೇರಿದ ಹನ್ನೊಂದು ವರ್ಷದಲ್ಲಿ ಇದು ತಪ್ಪಿದ್ದಿಲ್ಲ. ಹೋದ ಶುಕ್ರವಾರದವರೆಗೆ.

ಶುಕ್ರವಾರ ಅವನೇ ಕಂಪ್ಯೂಟರಿನ ಕಾರ್ಯಾಚರಣೆ ವ್ಯವಸ್ಥೆಯನ್ನು ಹೊಸದಕ್ಕೆ ಏರಿಸಿದ್ದ. ಎಂಟು ತಿಂಗಳಿಂದ ಪರದೆಯ ಮೂಲೆಯಲ್ಲಿ ಪುಟ್ಟ ಚೀಟಿಯೊಂದು ಏಳುತ್ತಿತ್ತು: ಈಗ ಮಾಡಲೇ, ಆಮೇಲೆ ನೆನಪಿಸಲೇ? ಮೇಸ್ತ್ರಿ ಇದ್ದಾಗ ಅಂಥ ಚೀಟಿ ಎದ್ದರೆ ಆಮೇಲೆ ಎಂಬುದನ್ನೇ ಒತ್ತುತ್ತಿದ್ದರು, ಬಾಗಿಲಿಗೆ ಬಂದ ಸಾಬೂನು ಮಾರುವವನನ್ನು ಸಾಗಹಾಕುವ ಹಾಗೆ, ನೋಡದೆ. ಅವನಿಂದ ಆಗುತ್ತಿರಲಿಲ್ಲ. ಬೇರೆಯವರ ಮನೆಗೆ ಹೋದರೂ ಗೋಡೆಯ ಮೇಲಿನ ಸೊಟ್ಟ ಫೋಟೋ ಸರಿಮಾಡಿ ಬರುವವನು ಅವನು. ಹೆಂಡತಿ ಹೊಸಿಲು ದಾಟುವ ಮೊದಲೇ, "ಕೈ ಜೇಬಲ್ಲಿಟ್ಕೊಂಡಿರಿ" ಎಂದು ಎಚ್ಚರಿಸುತ್ತಿದ್ದಳು. ಏರಿಸುವುದೇ ಆದರೆ ಪೂರಾ ಆಗಲಿ ಎಂದು ಹಳೆಯದನ್ನೆಲ್ಲ ಅಳಿಸಿ, ಶುಚಿ ಮಾಡಿ, ಹೊಸದನ್ನು ಕೂರಿಸಿದ್ದ. ವೇಷಗಾರ, ಹಳೆಯ ಪ್ರೋಗ್ರಾಂ, ರೋಗಿಗಳ ಪಟ್ಟಿ ಇಷ್ಟನ್ನು ಮಾತ್ರ ಮೊದಲೇ ಬೇರೆ ಕಡೆ ಇಳಿಸಿಟ್ಟುಕೊಂಡು, ಪಟ್ಟಿಯನ್ನು ಮೂರು ದಿನ ಕೂತು ಒಪ್ಪ ಮಾಡಿ, ಮತ್ತೆ ಒಳಗೆ ಹಾಕಿದ್ದ. ಸೂಪರಿಂಟೆಂಡೆಂಟ್ ಮೇಡಂ ಪಟ್ಟಿಯನ್ನು ನೋಡಿ, ಎಲ್ಲರೆದುರು, "ನೋಡಿ, ಕೆಲಸ ಅಂದ್ರೆ ಹೀಗಿರಬೇಕು" ಎಂದಿದ್ದರು. ಆ ಮಾತು ಶನಿವಾರ, ಭಾನುವಾರ ಎರಡೂ ದಿನ ಅವನ ಬಾಯಲ್ಲಿ ಕಲ್ಲುಸಕ್ಕರೆಯ ಹಾಗೆ ಕರಗುತ್ತಾ ಇತ್ತು. ವೇಷಗಾರನನ್ನು ಒಮ್ಮೆ ಎಬ್ಬಿಸಿ ನೋಡಬೇಕೆಂದು ಅವನಿಗೆ ಹೊಳೆದೇ ಇರಲಿಲ್ಲ.

ಬಾಗಿಲು ತಳ್ಳಿಕೊಂಡು ಕಂಡಕ್ಟರಮ್ಮನ ದನಿ ಬಂತು. ಬಸ್ಸಿನ ಕೊನೆಯ ಸೀಟಿಗೂ ಕೇಳಿಸಬೇಕೆಂದು ಪಳಗಿದ ದನಿ. "ಅಲ್ಲ ಸಾರ್, ನಾಳೆ ಬೆಳಿಗ್ಗೆ ಎಂಟಕ್ಕೆ ನಮ್ಮ ಡಿಪೋ ಡಾಕ್ಟರು ನನ್ನ ಬಸ್ ಹತ್ತಿಸಿ ಇಳಿಸಿ ನೋಡ್ತಾರೆ, ಗೊತ್ತಲ್ಲ? ಮೂರು ಮೆಟ್ಲು. ಈ ಟೇಪ್ ಸುತ್ತಿದ ಕಾಲಲ್ಲಿ ಹೋದ್ರೆ ಅಲ್ಲೇ ಬರೀತಾರೆ, ಅನ್‌ಫಿಟ್. ಆಮೇಲೆ ರಿಟೈರಾಗೋವರೆಗೂ ಜನ ಬಿಟ್ಟುಹೋದ ಕೊಡೆ ಕಾಯ್ಕೊಂಡು ಗೋಡೌನಲ್ಲಿ ಕೂರೋದು."

"ಸಂಜೆಯೊಳಗೆ ಆಗುತ್ತೆ ಅಮ್ಮ."

"ಯಾವ ಸಂಜೆ ಅಂತ ಕೇಳ್ಬೇಕಾ?"

ಬೆಲ್ಟಿನಕ್ಕ ನಕ್ಕಳು. ಅವನೂ ನಗಬೇಕೆಂದುಕೊಂಡ, ಮುಖ ಅರ್ಧಕ್ಕೆ ನಿಂತಿತು. ಬೆಳಿಗ್ಗೆ ಅವನು ಅವರ ಕಾಲಿನ ಅಳತೆ ತೆಗೆದುಕೊಂಡಿದ್ದ. ಆರು ವರ್ಷದ ಹಿಂದಿನದಕ್ಕೆ ಹೆಚ್ಚುಕಮ್ಮಿ ಸರಿಯಾಗಿತ್ತು. ಅದೇ ಫೈಲು ತೆರೆಯುವುದು, ಕೆತ್ತಿಸುವುದು, ಅಚ್ಚಿನ ಮೇಲೆ ಬಿಸಿ ಪ್ಲಾಸ್ಟಿಕ್ಕು ಎಳೆಯುವುದು, ಜೋಡಿಸುವುದು. ಎರಡು ಮೂರು ತಾಸಿನ ಕೆಲಸ. ಕೈಯಿಂದ ಮಾಡುವುದಾದರೆ? ಆ ಪ್ರಶ್ನೆ ಬೆಳಗಿನಿಂದ ಅವನ ಬೆನ್ನ ಹಿಂದೆ ನಿಂತಿತ್ತು, ಅವನು ತಿರುಗಿ ನೋಡಿರಲಿಲ್ಲ. ಗೋಡೆಯ ಮೇಲೆ ಅಚ್ಚು ಉಜ್ಜಲು ಮೇಸ್ತ್ರಿ ಬಳಸುತ್ತಿದ್ದ ಅರಗಳು, ಉದ್ದದವು, ಗಿಡ್ಡದವು, ಸಾಲಾಗಿ ನೇತಾಡುತ್ತಿದ್ದವು. ಒಂದರ ಹಿಡಿಯ ಮೇಲೂ ಅವನ ಕೈಯ ಗುರುತಿರಲಿಲ್ಲ. ಅವನಿಗೆ ಗೊತ್ತಿದ್ದುದು ಪ್ರಶ್ನೆಗಳಿಗೆ ಉತ್ತರ ಕೊಡುವುದು. ಮರಿಮೇಸ್ತ್ರಿ ಎಂದು ಜನ ಕರೆಯುವಾಗೆಲ್ಲ ಅವನಿಗೆ ಕೇಳಿಸುತ್ತಿದ್ದುದು ಮೊದಲಿನ ಎರಡು ಅಕ್ಷರ ಮಾತ್ರ.

ಹನ್ನೊಂದು ಗಂಟೆಯ ಹೊತ್ತಿಗೆ ಯಾವುದೋ ಚರ್ಚಾ ತಾಣದಲ್ಲಿ, ಯಾವುದೋ ದೇಶದ, ಹಳೆಯ ಚದುರಂಗದ ಆಟ ಓಡಿಸಲು ಇಂಥದೇ ಪಾಡು ಪಟ್ಟವನೊಬ್ಬ ಬರೆದಿಟ್ಟ ನಾಲ್ಕು ಸಾಲು ಸಿಕ್ಕಿತು. ಹಳೆಯ ಎಮ್ಯುಲೇಟರ್ ಹೊಸ ವ್ಯವಸ್ಥೆಯಲ್ಲಿ ಇನ್ನೆಂದೂ ಏಳದು. ಅದರ ಹೊಸ ಆವೃತ್ತಿ ತೆಗೆದುಕೊ. ಹಳೆಯ ಸೆಟ್ಟಿಂಗಿನ ಕಡತವನ್ನು ಅದಕ್ಕೆ ತೋರಿಸಬೇಡ, ತೋರಿಸಿದರೆ ಮುನಿಸಿಕೊಳ್ಳುತ್ತದೆ. ಎಲ್ಲವನ್ನೂ ಹೊಸದಾಗಿ ಬರೆ. ಬರೆದ. ಹಳೆಯ ಪ್ರೋಗ್ರಾಂ ಯಾವ ಫೋಲ್ಡರಿನಲ್ಲಿದೆ, ಅದನ್ನು ಯಾವ ಅಕ್ಷರದ ಡ್ರೈವ್ ಎಂದು ತೋರಿಸಬೇಕು. ಚೌಕ ಮೂಡಿತು, ನಿಂತಿತು. ಹಸಿರು ಅಕ್ಷರಗಳು ಬಂದವು. ಆದರೆ ಹೊಸ ಯಂತ್ರದ ವೇಗ ಹಳೆಯ ಪ್ರೋಗ್ರಾಮಿಗೆ ಹೊಸದು. ಪ್ರಶ್ನೆಗಳು ಒಂದರ ಮೇಲೊಂದು ಓಡಿಹೋದವು, ಉತ್ತರಕ್ಕೆ ಕಾಯದೆ, ಪರೀಕ್ಷೆಯ ಹಾಲಿನಲ್ಲಿ ಗಂಟೆ ಹೊಡೆದ ಮೇಲೆ ಹಾಳೆ ಕಿತ್ತುಕೊಳ್ಳುವವರ ಹಾಗೆ. ವೇಗವನ್ನು ಕಡಿಮೆ ಮಾಡಿದ. ಇನ್ನೂ ಕಡಿಮೆ. ಅದಕ್ಕೆ ತಿಳಿಯುವಷ್ಟು ನಿಧಾನಕ್ಕೆ ಇಳಿಸಿದ ಮೇಲೆ ಅದು ಸಮಾಧಾನದಿಂದ ಕೇಳಿತು: ಎಡವೋ ಬಲವೋ? ಬಲ ಎಂದು ಒತ್ತಿದ. ಈಗ ಯಂತ್ರ ಕೇಳಿಸಿಕೊಳ್ಳಲಿಲ್ಲ. ಅಪ್ಪಣೆ ಹೋಗುತ್ತಿತ್ತು, ಆಚೆ ಕೋಣೆ ಸುಮ್ಮನಿತ್ತು. ಕೇಬಲ್ ತೆಗೆದು ಹಾಕಿದ. ಹೊಸ ವ್ಯವಸ್ಥೆ ಅದೇ ಕೇಬಲಿಗೆ ಒಂದು ಎನ್ನುವ ಬದಲು ಮೂರು ಎಂಬ ಸಂಖ್ಯೆ ಕೊಟ್ಟಿದೆಯೆಂದು ಕಂಡುಕೊಳ್ಳುವಷ್ಟರಲ್ಲಿ ಗಡಿಯಾರ ಹನ್ನೆರಡು ಹೊಡೆದಿತ್ತು. ಮೂರನ್ನು ಒಂದೆಂದು ವೇಷಗಾರನಿಗೆ ನಂಬಿಸಿದ. ಗೊರಗೊರ ಎಂದಿತು.

"ಎದ್ದ!" ಬೆಲ್ಟಿನಕ್ಕ ಕೈಲಿದ್ದ ಪಟ್ಟಿಯನ್ನು ಬಾವುಟದ ಹಾಗೆ ಬೀಸಿದಳು. "ಅಮ್ಮಾ, ಎದ್ದ! ಇನ್ನು ನಿಮ್ಮ ಕೊಡೆ ನೀವೇ ಮರೀಬಹುದು."

ಕಣ್ಣಲ್ಲಿ ತುಂಬಿದ ನೀರಿಗೆ ಫೋಮಿನ ಪುಡಿಯೇ ಕಾರಣವೆಂದುಕೊಂಡ. ಪ್ರೋಗ್ರಾಂ ಕಂಡಕ್ಟರಮ್ಮನ ಫೈಲು ತೆರೆದು ಒಂದೊಂದೇ ಖಾನೆ ತೋರಿಸಿತು, ಅವನು ಒಂದೊಂದಕ್ಕೂ ಹೂಂ ಎಂದು ಒತ್ತುತ್ತಾ ಹೋದ. ಬಲ. ಹೂಂ. ಉದ್ದ. ಹೂಂ. ಸುತ್ತಳತೆ. ಹೂಂ. ತೂಕ ಐವತ್ತೆಂಟು. ಹೂಂ. ಯಂತ್ರದ ಮೊನೆ ಬಿಳಿಯ ದಿಮ್ಮಿಯ ಸುತ್ತ ತಿರುಗುತ್ತಾ ತಿರುಗುತ್ತಾ ಒಂದು ಕಾಲನ್ನು ಹೊರಗೆ ತೆಗೆಯಿತು, ಅದು ಮೊದಲೇ ಅದರೊಳಗಿತ್ತೇನೋ ಎಂಬಂತೆ. ಒಲೆಯಲ್ಲಿ ಪಾರದರ್ಶಕ ಪ್ಲಾಸ್ಟಿಕ್ಕಿನ ಹಾಳೆ ಬಿಸಿಯಾಗಿ ಹೊಟ್ಟೆ ಇಳಿಬಿಟ್ಟಿತು. ಅಚ್ಚಿನ ಮೇಲೆ ಹೊದಿಸಿ, ಪಂಪು ಹಾಕಿ, ಗಾಳಿ ಎಳೆದ. ತಣಿಯುವವರೆಗೆ ಕಾದು, ಅಂಚು ಕತ್ತರಿಸಿ, ಕೊಳವೆ, ಪಾದ, ಶೂ. ಒಂದೂ ಮುಕ್ಕಾಲಿಗೆ ಹೊಸ ಬಟ್ಟಲಿನ ಕಾಲು ಬೆಂಚಿನ ಮುಂದಿತ್ತು.

ಬಾಗಿಲೊಳಗೆ, ಪರದೆಯ ಮೇಜಿನ ಪಕ್ಕ, ನಡೆದು ನೋಡಲು ಹಾಕಿದ್ದ ಎರಡು ಸಮಾನಾಂತರ ಕಂಬಿಗಳ ನಡುವೆ ಕಂಡಕ್ಟರಮ್ಮ ನಿಂತರು. ಅವನು ಪರದೆಯ ಕಡೆ ನೋಡುತ್ತಿದ್ದ. ವೇಷಗಾರ ಇನ್ನೂ ಎಚ್ಚರವಾಗಿದ್ದಾನೋ ಇಲ್ಲವೋ ಎಂಬುದೇ ಚಿಂತೆ. ಅವರು ಒಂದು ಹೆಜ್ಜೆ ಇಟ್ಟರು. ಎರಡನೆಯದನ್ನು ಇಡುವಾಗ ಪ್ಲಾಸ್ಟಿಕ್ಕಿನೊಳಗೆ ಕಾಲು ಪಚ್ಚೆಂದು ಜಾರಿದ ಸದ್ದು ಅವನಿಗೆ ಕೇಳಿಸಿತು, ಆಮೇಲೆ ಅವರ ಉಸಿರು ಸಿಕ್ಕಿಕೊಂಡದ್ದು ಕೇಳಿಸಿತು. ತಿರುಗುವಷ್ಟರಲ್ಲಿ ಅವರು ಅವನ ಮಣಿಕಟ್ಟನ್ನು ಹಿಡಿದಾಗಿತ್ತು. ಇಡೀ ಮೈಯ ಭಾರ ಐದು ಬೆರಳಲ್ಲಿ. ಒಂದು ಕ್ಷಣ ಇಬ್ಬರ ಮುಖವೂ ತೀರಾ ಹತ್ತಿರವಿತ್ತು, ಅವರ ಮೇಲ್ದುಟಿಯ ಮೇಲಿನ ಬೆವರ ಹನಿಗಳನ್ನು ಎಣಿಸುವಷ್ಟು. ಆಮೇಲೆ ಅವರು ಕಂಬಿ ಹಿಡಿದು, ಅವನ ಕೈ ಬಿಟ್ಟರು. ಮಣಿಕಟ್ಟಿನ ಮೇಲೆ ನಾಲ್ಕು ಉಗುರು ಮೂಡಿದ್ದವು.

"ಇದು ನನ್ನ ಕಾಲಲ್ಲ."

"ನಿಮ್ಮದೇ ಫೈಲು ಅಮ್ಮ. ಅದೇ ಅಳತೆ."

"ಬಾವೀಲಿ ಕೊಡ ಆಡಿದ ಹಾಗೆ ಆಡ್ತಾ ಇದೆ ಒಳಗೆ. ಮೂಳೆ ಹೋಗಿ ತಳಕ್ಕೆ ಬಡೀತು."

"ಹೊಸ ಸಿಸ್ಟಂ ಅಲ್ವಾ, ಕಂಪ್ಯೂಟರ್ ಕಂಪನಿಯವರದು ಏನೋ ಒಂದು ಪ್ರಾಬ್ಲಂ ಇದೆ. ಎರಡು ದಿನ ಹಾಕ್ಕೊಂಡು ಓಡಾಡಿದ್ರೆ ರೂಢಿಯಾಗುತ್ತೆ."

ಹೇಳುತ್ತಿರುವಾಗಲೇ ಆ ಮಾತು ಹಾಲು ಒಡೆದಂತೆ ಒಡೆದದ್ದು ಅವನಿಗೆ ತಿಳಿಯಿತು. ಕಂಡಕ್ಟರಮ್ಮ ಅವನನ್ನು ಕೋಪವಿಲ್ಲದೆ ನೋಡಿದರು. "ಸಾರ್, ಇಪ್ಪತ್ತಾರು ವರ್ಷ. ಹಿಂದಿನ ಸ್ಟಾಪಲ್ಲಿ ತಾನೇ ಹತ್ತಿದೆ, ಈಗ ತಾನೇ ಚಿಲ್ಲರೆ ತೆಗೀತಿದ್ದೆ, ಟಿಕೆಟ್ ನಮ್ಮ ಅಣ್ಣನ ಹತ್ರ ಇದೆ. ಮುಖ ನೋಡೋದೂ ಬೇಕಿಲ್ಲ ನಂಗೆ, ಜೇಬಿಗೆ ಕೈ ಹಾಕೋ ರೀತೀಲೇ ಗೊತ್ತಾಗುತ್ತೆ." ಬೆಂಚಿಗೆ ಹೋಗಿ ಕೂತು, ಹೊಸ ಕಾಲನ್ನು ಕಳಚಿ, ಹಳೆಯದರಿಂದ ಸ್ವಲ್ಪ ದೂರದಲ್ಲಿ ಇಟ್ಟರು.

ಅವನು ಪರದೆಯ ಮುಂದೆ ಬಂದು ಕೂತ. ಎಲ್ಲ ಸರಿಯಾಗಿತ್ತು. ಅಂಕಿಗಳು ಅವುಗಳ ಖಾನೆಗಳಲ್ಲಿದ್ದವು. ತೂಕ ಐವತ್ತೆಂಟು. ಹಸಿರು ಗೆರೆಯೊಂದು ಅದರ ಮುಂದೆ ಮಿಣುಕುತ್ತಿತ್ತು, ಉಸಿರಾಡುವ ಹಾಗೆ. ಅವನು ಅದನ್ನೇ ನೋಡುತ್ತಿದ್ದ. ಆ ಐವತ್ತೆಂಟನ್ನು ಬರೆದವನು ತಾನು. ಕಳೆದ ಬುಧವಾರ, ಊಟದ ಡಬ್ಬಿ ಪಕ್ಕಕ್ಕೆ ತಳ್ಳಿ, ಮೇಸ್ತ್ರಿಯ ಪಟ್ಟಿಯನ್ನೂ ಆಸ್ಪತ್ರೆಯ ರಿಜಿಸ್ಟರನ್ನೂ ಅಕ್ಕಪಕ್ಕ ಇಟ್ಟುಕೊಂಡು ನೋಡಿದಾಗ ತೂಕದ ಖಾನೆ ಒಂದೂ ತಾಳೆಯಾಗಿರಲಿಲ್ಲ. ನಲವತ್ತು ಕಿಲೋ ಇದ್ದ ಹುಡುಗಿಗೆ ಎಂಬತ್ತೊಂದು. ತೊಂಬತ್ತರ ಗಾರೆ ಕೆಲಸದವನಿಗೆ ಎಪ್ಪತ್ತು. ಅವನು ನಕ್ಕುಬಿಟ್ಟಿದ್ದ. ಮುದುಕ ಕಣ್ಣು ಕಾಣದೆ ಏನೇನೋ ಒತ್ತಿದ್ದಾನೆ ಎಂದುಕೊಂಡಿದ್ದ, ಏಕವಚನದಲ್ಲಿ, ಎಂದೂ ಇಲ್ಲದ್ದು, ಸಣ್ಣದೊಂದು ಹಿಗ್ಗಿನೊಂದಿಗೆ. ನಾನೂರ ಹನ್ನೆರಡು ಜನರ ತೂಕವನ್ನು ಒಂದೊಂದಾಗಿ ತಿದ್ದಿದ್ದ. ಹಳೆಯ ಪಟ್ಟಿ ಶುಕ್ರವಾರ ಅಳಿಸಿದ್ದರಲ್ಲಿ ಹೋಗಿತ್ತು.

ಬಹಳ ಹಿಂದೆ ಒಂದು ಸಂಜೆ, ಮನೆಯಲ್ಲಿ, ಅಪ್ಪ ನೀರು ಕುಡಿಯುತ್ತಿದ್ದರು. ದೊಡ್ಡಪ್ಪ ಕುರ್ಚಿಯಲ್ಲಿ, ಅಪ್ಪ ಮಂಚದ ಅಂಚಿನಲ್ಲಿ, ಅವನು ಇಬ್ಬರ ನಡುವೆ ನೆಲದ ಮೇಲೆ ಲೆಕ್ಕ ಬಿಡಿಸುತ್ತಾ. ಅವನಿಗೆ ಹತ್ತು ವರ್ಷ. "ನಾನೇ ಬಿಟ್ಟೆ ಅಣ್ಣ ಆ ಕೆಲಸಾನ, ಹಿಡಿಸಲಿಲ್ಲ" ಎಂದರು ಅಪ್ಪ, ಹಗುರಾಗಿ. ಅವನು ತಲೆಯೆತ್ತದೆ ಹೇಳಿದ, "ಇಲ್ಲಪ್ಪ, ಅವರೇ ತೆಗೆದುಹಾಕಿದ್ದು. ಕಾಗದ ಬಂತಲ್ಲ." ತಪ್ಪು ಕಂಡರೆ ತಿದ್ದಬೇಕೆಂದು ಅವನಿಗೆ ಕಲಿಸಿದ್ದೇ ಅಪ್ಪ. ಯಾರೂ ಬೈಯಲಿಲ್ಲ. ಅಪ್ಪ ಲೋಟವನ್ನು ತುಟಿಗಿಟ್ಟುಕೊಂಡು ನೀರು ಮುಗಿದ ಮೇಲೂ ಬಹಳ ಹೊತ್ತು ಕುಡಿಯುತ್ತಲೇ ಇದ್ದರು. ಲೋಟದ ಹಿಂದೆ ಅವರ ಮುಖ ಕಾಣುತ್ತಿರಲಿಲ್ಲ. ಮರುದಿನದಿಂದ ದೊಡ್ಡಪ್ಪ ಅಪ್ಪನ ಹತ್ತಿರ ಸ್ವಲ್ಪ ಗಟ್ಟಿಯಾಗಿ, ನಿಧಾನವಾಗಿ ಮಾತಾಡತೊಡಗಿದರು, ಕಿವಿ ಮಂದವಾದವರ ಹತ್ತಿರ ಮಾತಾಡುವ ಹಾಗೆ. ಅವನು ಹೇಳಿದ್ದು ನಿಜವೇ ಆಗಿತ್ತು. ಇಪ್ಪತ್ತನಾಲ್ಕು ವರ್ಷದಿಂದ ಅದು ನಿಜವಾಗಿಯೇ ಇದೆ.

ಅವನು ಮೇಸ್ತ್ರಿಯ ಮನೆಗೆ ಹಚ್ಚಿದ ಫೋನು ಬಹಳ ಹೊತ್ತು ಬಡಿದುಕೊಂಡಿತು.

"ಯಾರು?"

"ನಾನು, ಮೇಸ್ತ್ರಿ."

"ಯಾವ ನಾನು?"

ಅವನು ಬಾಗಿಲಿಗೆ ಬೆನ್ನು ಹಾಕಿ ನಿಂತ. ಆ ಹೆಸರನ್ನು ತಾನಾಗಿ ಎಂದೂ ಹೇಳಿಕೊಂಡವನಲ್ಲ. "ಮರಿಮೇಸ್ತ್ರಿ."

"ಓಹೋ. ಇನ್ನೂ ಮರಿಯೇನಾ ನೀನು? ಹೇಳು."

"ಕಂಡಕ್ಟರಮ್ಮನ ತೂಕ ಎಷ್ಟು ಹಾಕಿದ್ರಿ?"

"ಫೈಲಲ್ಲಿ ಇದೆಯಲ್ಲೋ."

"ಫೈಲಲ್ಲಿ ಐವತ್ತೆಂಟು ಇದೆ."

ಆ ಕಡೆ ಟೀವಿಯಲ್ಲಿ ಯಾವುದೋ ಆಟ ನಡೆಯುತ್ತಿತ್ತು, ಜನ ಕೂಗುತ್ತಿದ್ದರು. ಯಾರೋ ಸದ್ದು ತಗ್ಗಿಸಿದರು. "ನಾನು ಐವತ್ತೆಂಟು ಹಾಕಿರಲಿಲ್ಲ" ಎಂದರು ಮೇಸ್ತ್ರಿ.

"ನಾನು ತಿದ್ದಿದೆ. ರಿಜಿಸ್ಟರಲ್ಲಿ ಇರೋ ಹಾಗೆ."

"ಅವರೊಬ್ಬರದೇನಾ?"

"ಎಲ್ಲಾರದೂ."

ಬೈಗುಳಕ್ಕೆ ಅವನು ಹೆಗಲು ಕುಗ್ಗಿಸಿ ಕಾದ. ಬೈಗುಳ ಬರಲಿಲ್ಲ; ಕೆಮ್ಮು ಬಂತು, ಆಮೇಲೆ ಯಾರಿಗೋ "ನೀರು ಕೊಡಮ್ಮ" ಎಂದದ್ದು ಕೇಳಿಸಿತು. "ಅದು ತೂಕ ಅಲ್ಲ ಕಣೋ. ತೂಕ ಜಾಸ್ತಿ ಕೊಟ್ರೆ ಆ ಪ್ರೋಗ್ರಾಂ ಬಟ್ಟಲನ್ನ ಬಿಗಿ ಮಾಡುತ್ತೆ, ಕಮ್ಮಿ ಕೊಟ್ರೆ ಸಡಿಲ. ಅದಕ್ಕೆ ಕೇಳೋಕೆ ಬರೋದು ತೂಕ ಒಂದೇ. ನಂಗೆ ಹೇಳಬೇಕಾಗಿದ್ದು ಬೇರೆ. ಅದೇ ಖಾನೇಲಿ ಹೇಳ್ದೆ."

"ಏನು?"

"ಕಾಲೂರೋವಾಗ ಎಷ್ಟು ಹೆದರ್ತಾರೆ ಅಂತ. ಹೆದರೋರ ಕಾಲನ್ನ ಬಟ್ಟಲು ಹಿಡ್ಕೋಬೇಕು. ಇಲ್ದಿದ್ರೆ ಅವರೇ ಅದನ್ನ ಹಿಡ್ಕೋತಾರೆ, ಮಾಂಸ ಎಲ್ಲಾ ಬಿಗಿ ಮಾಡ್ಕೊಂಡು. ಸಂಜೆಗೆ ಹುಣ್ಣು. ನೆಲ ನಂಬೋರಿಗೆ ಸ್ವಲ್ಪ ಬಿಡಬೇಕು, ಅವರಿಗೆ ಬಿಗಿದ್ರೆ ಕಾಲು ಜೋಮು ಹಿಡಿಯುತ್ತೆ."

"ನಂಗ್ಯಾಕೆ ಹೇಳಲಿಲ್ಲ?"

"ನೀನು ಕೇಳಲಿಲ್ಲ. ನಾನು ಅವರನ್ನ ನಡೆಸ್ತಾ ಇದ್ರೆ ನೀನು ಸ್ಕ್ರೀನ್ ನೋಡ್ಕೊಂಡು ಕೂತಿರ್ತಿದ್ದೆ."

"ಕಂಡಕ್ಟರಮ್ಮಂಗೆ ಎಷ್ಟು ಅಂತ, ಅಂದಾಜಾದ್ರೂ ಹೇಳಿ ಮೇಸ್ತ್ರಿ. ನಾಳೆ ಬೆಳಿಗ್ಗೆ ಬೇಕು ಅವರಿಗೆ."

"ಆರು ವರ್ಷದ ಹಿಂದಿನ ಹೆದರಿಕೆ ಇಟ್ಕೊಂಡು ಏನ್ ಮಾಡ್ತೀಯೋ?" ಟೀವಿಯ ಸದ್ದು ಮತ್ತೆ ಏರಿತು. "ಎದುರಿಗೇ ಇದಾರಲ್ಲ. ನೋಡು."

ಎರಡೂವರೆ. ಸೂಪರಿಂಟೆಂಡೆಂಟ್ ಮೇಡಂ ಬಾಗಿಲಿನಿಂದ ಇಣುಕಿ, "ಹೊಸ ಸಿಸ್ಟಂ ಹೇಗಿದೆ?" ಎಂದರು. ಅವನ ಬಾಯಿ "ಚೆನ್ನಾಗಿದೆ ಮೇಡಂ" ಎಂದಿತು. ಅವರು ಹೋದರು. ಬೆಲ್ಟಿನಕ್ಕ ಸೂಜಿಗೆ ದಾರ ಪೋಣಿಸುತ್ತಾ ಅವನತ್ತ ನೋಡದೆಯೇ, "ನಿಂಗೆ ಇವತ್ತು ಬಾಯಿ ಒಂದು ಕಡೆ, ಮುಖ ಒಂದು ಕಡೆ" ಎಂದಳು. ಅವನು ಹೊರಗೆ ಹೋಗಿ ಬೆಂಚಿನ ಮುಂದೆ ನಿಂತ. ಕೂರಬೇಕೋ ನಿಲ್ಲಬೇಕೋ ತಿಳಿಯಲಿಲ್ಲ. ಕೂತರೆ ಸಲಿಗೆಯಾದೀತು, ನಿಂತರೆ ಅಧಿಕಾರವಾದೀತು. ಕೊನೆಗೆ ಅವರ ಬಿಚ್ಚಿಟ್ಟ ಎರಡು ಕಾಲುಗಳ ಮುಂದೆ ಕುಕ್ಕರಗಾಲಲ್ಲಿ ಕೂತು, ಅವುಗಳಿಗೇ ಹೇಳುತ್ತಿರುವ ಹಾಗೆ ಹೇಳಿದ.

"ಕಂಪನಿಯವರದೇನೂ ತಪ್ಪಿಲ್ಲ ಅಮ್ಮ. ನಾನು ಮಾಡಿದ್ದು. ಮೇಸ್ತ್ರಿ ನಿಮಗೆ ಅಂತ ಒಂದು ನಂಬರ್ ಇಟ್ಟಿದ್ರು. ಅದು ತಪ್ಪು ಅಂದ್ಕೊಂಡು ನಾನು ಅಳಿಸಿ ಬೇರೆ ಬರೆದೆ. ಅದು ಎಷ್ಟು ಅಂತ ಈಗ ಯಾರಿಗೂ ಗೊತ್ತಿಲ್ಲ."

ಕಂಡಕ್ಟರಮ್ಮ ಹಳೆಯ ಕಾಲಿನ ಟೇಪಿನ ಎದ್ದ ತುದಿಯನ್ನು ಬೆರಳಿನಿಂದ ಒತ್ತಿ ಅಂಟಿಸಿದರು. ಆಮೇಲೆ, "ಟಿಕೆಟ್ ತಗೊಂಡಿಲ್ಲ ಅಂತ ಕೇಳೋಕೆ ಮೊದಲೇ ಒಪ್ಕೊಂಡೋರು ನನ್ನ ಸರ್ವೀಸಲ್ಲಿ ಮೂರೇ ಜನ" ಎಂದರು. "ನೀವು ನಾಲ್ಕನೆಯವರು. ಕೇಳಿದ್ ಮೇಲೆ ಒಪ್ಕೊಂಡಿದ್ರಿಂದ ಮೂರೂವರೆ ಅನ್ನಿ."

"ಆ ಮೂರು ಜನಾನ ಏನ್ ಮಾಡಿದ್ರಿ?"

"ಇಳಿಸ್ದೆ."

ಒಳಗಿನಿಂದ ಹೊಲಿಗೆ ಯಂತ್ರದ ಸದ್ದು ನಿಂತಿತ್ತು. ಅವನು ಕೇಳಿದ, "ಒಂದ್ಸಲ ಹಳೇ ಕಾಲು ಹಾಕ್ಕೊಂಡು ಅಂಗಳದವರೆಗೂ ನಡೀತೀರಾ? ನಾನು ನೋಡ್ಬೇಕು."

"ಇಷ್ಟು ವರ್ಷ ಇಲ್ಲೇ ಇದ್ರಲ್ಲ, ಈಗ ನೋಡ್ಬೇಕಾ?" ಎಂದರು, ಆದರೆ ಕಾಲು ತೊಟ್ಟುಕೊಂಡರು.

ಸಪಾಟು ಓಣಿಯಲ್ಲಿ ಅವರು ನಡೆಯುತ್ತಿದ್ದ ರೀತಿಗೆ ಎದುರು ಬಂದವರು ತಾವಾಗಿ ಗೋಡೆಗೆ ಸರಿಯುತ್ತಿದ್ದರು. ಔಷಧಿಯ ಟ್ರಾಲಿ ತಳ್ಳುವವನು ನಿಂತ. ಒಂದು ದೊಡ್ಡ ಬಸ್ಸು ಗಲ್ಲಿಯಲ್ಲಿ ಬರುವ ಹಾಗೆ ಬಂದರು. ಇವರಿಗೆ ಹೆದರಿಕೆಯೆಲ್ಲಿದೆ ಎಂದು ಅವನಿಗೆ ಗಾಬರಿಯಾಯಿತು. ಐವತ್ತೆಂಟಕ್ಕಿಂತ ಚೂರೇ ಹೆಚ್ಚಿದ್ದರೆ ಸಾಕೋ ಏನೋ, ಅರವತ್ತೋ, ಅರವತ್ತೆರಡೋ. ಎಕ್ಸ್‌ರೇ ಕೋಣೆಯ ಹತ್ತಿರ ಓಣಿಗೆ ಅಡ್ಡವಾಗಿ ಒಂದು ಹೊಸಿಲು ಬಂತು. ಅವರು ನಿಲ್ಲಲಿಲ್ಲ. ಆದರೆ ಬಲಗಾಲು ಹೊಸಿಲ ಆಚೆ ಇಳಿಯುವ ಮೊದಲು ಅವರ ಬಲಭುಜ ಕೂದಲೆಳೆಯಷ್ಟು ಏರಿತು, ಎಡಗೈ ಗಾಳಿಯಲ್ಲಿ ಏನನ್ನೋ ಹುಡುಕಿ, ಅಲ್ಲಿ ಇಲ್ಲದ ಕಂಬವೊಂದನ್ನು ಮುಟ್ಟಿ ವಾಪಸು ಬಂತು. ಇಷ್ಟು ವರ್ಷ ಹೊಸಿಲು ಇಲ್ಲಿಯೇ ಇತ್ತು, ಅವರೂ ಇದನ್ನು ದಾಟಿದ್ದರು. ಅಂಗಳಕ್ಕೆ ಇಳಿಯುವಲ್ಲಿ ಮೂರು ಮೆಟ್ಟಿಲು. ಮೊದಲನೆಯದರ ಮೇಲೆ ಅವರು ನಿಂತು ಕೈಗಡಿಯಾರ ನೋಡಿಕೊಂಡರು. ತಲೆಯೆತ್ತಿ ಮೋಡ ನೋಡಿದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು, ಅದು ಆಗಲೇ ಸಿಕ್ಕಿಸಿಯೇ ಇತ್ತು. ಏನೂ ಇಲ್ಲ, ಸುಮ್ಮನೆ ನಿಂತ ಹಾಗೆ. ಆ ನಿಲುವು ಅವನಿಗೆ ಚೆನ್ನಾಗಿ ಗೊತ್ತಿತ್ತು. ಬೆಳಿಗ್ಗೆ ಒಂಬತ್ತೂವರೆಯಿಂದ ಅವನೂ ಹಾಗೆಯೇ ನಿಂತಿದ್ದ. ಅದಕ್ಕೂ ಮೊದಲು, ಹನ್ನೊಂದು ವರ್ಷ. ಆರು ವರ್ಷದ ಹಿಂದೆ ಅವರು ಬಸ್ಸಿನ ಹಿಂಬಾಗಿಲ ಮೆಟ್ಟಿಲಲ್ಲಿ ನಿಂತು, ಒಳಗೆ ಹೋಗಿ ಒಳಗೆ ಹೋಗಿ ಎಂದು ಜನರನ್ನು ಕೂಗುತ್ತಾ ಹೊರಗೆ ಬಿದ್ದಿದ್ದರೆಂದು ಫೈಲಿನಲ್ಲಿತ್ತು. ಅವನು ಅದನ್ನೂ ಓದಿದ್ದ, ಕಾಗುಣಿತ ಸರಿಯಿದೆಯೇ ಎಂದು.

"ಇಳೀವಾಗ ಹೆದರಿಕೆ ಆಗುತ್ತಾ ಅಮ್ಮ?"

ಅವರು ತಿರುಗಿದರು. ಬೈಯುತ್ತಾರೆಂದುಕೊಂಡ. "ನಿಮಗೆ?" ಎಂದರು.

ಅವನು ಅವರ ಪಕ್ಕಕ್ಕೆ ಬಂದು ನಿಂತ. ಇಬ್ಬರೂ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಮೋಡ ನೋಡಿದರು.

ಮೂರು ಗಂಟೆಗೆ ಅವನು ಮತ್ತೆ ತೂಕದ ಖಾನೆಯ ಮುಂದೆ ಕೂತ. ಹಸಿರು ಗೆರೆ ಮಿಣುಕುತ್ತಿತ್ತು. ಎಪ್ಪತ್ತೈದು ಎಂದು ಒತ್ತಿದ, ಅಳಿಸಿದ. ಅದು ಮೆಟ್ಟಿಲ ಮೇಲಿನ ಹೆದರಿಕೆ. ಅರವತ್ತೆರಡು, ಅಳಿಸಿದ. ಅದು ಓಣಿಯ ಧೈರ್ಯ. ಒಬ್ಬರು ದಿನಕ್ಕೆ ಎಷ್ಟು ಹೊತ್ತು ಓಣಿಯಲ್ಲಿರುತ್ತಾರೆ, ಎಷ್ಟು ಹೊತ್ತು ಮೆಟ್ಟಿಲ ಮೇಲೆ? ಮೇಸ್ತ್ರಿ ಇದನ್ನೆಲ್ಲ ಯೋಚಿಸುತ್ತಿದ್ದರೋ, ಸುಮ್ಮನೆ ಬೆರಳು ಹೋದ ಕಡೆ ಒತ್ತುತ್ತಿದ್ದರೋ? ತಾನು ಬರೆಯುವುದು ಅವರ ಹೆದರಿಕೆಯೋ ತನ್ನದೋ? ಯಾವ ಅಂಕಿ ಕೊಟ್ಟರೂ ವೇಷಗಾರ ನಂಬುತ್ತಾನೆ. ಅವನೊಳಗಿನ ಹಳೆಯ ಪ್ರೋಗ್ರಾಮೂ ನಂಬುತ್ತದೆ. ಯಂತ್ರ ಹೇಳಿದಷ್ಟೇ ಕೆತ್ತುತ್ತದೆ. ತಾಳೆ ನೋಡಲು ಯಾವ ರಿಜಿಸ್ಟರೂ ಇರಲಿಲ್ಲ. ಅರವತ್ತೇಳು ಎಂದು ಬರೆದ. ರಿಜಿಸ್ಟರಿನಲ್ಲಿ ಐವತ್ತೆಂಟು, ಇಲ್ಲಿ ಅರವತ್ತೇಳು. ಮೇಡಂ ಮತ್ತೆ ಪಟ್ಟಿ ತೆರೆದರೆ ಮೊದಲು ಕಣ್ಣಿಗೆ ಬೀಳುವ ತಪ್ಪು ಇದೇ. ತಿದ್ದಬೇಕೆಂದು ಬೆರಳು ತುರಿಸಿತು. ಕೈಯನ್ನು ಜೇಬಿನಲ್ಲಿ ಇಟ್ಟುಕೊಂಡು, ಇನ್ನೊಂದು ಕೈಯಿಂದ ಹೂಂ ಎಂದು ಒತ್ತಿದ.

ಯಂತ್ರ ಕೆತ್ತುವಷ್ಟೂ ಹೊತ್ತು ಅವನು ಪರದೆಯ ಮುಂದೆ ಕೂರಲಿಲ್ಲ, ಅಚ್ಚಿನ ಪಕ್ಕ ನಿಂತಿದ್ದ. ಹೊರಬಂದ ಅಚ್ಚು ಮೊದಲಿನದರ ಅಣ್ಣನೋ ತಮ್ಮನೋ ಎಂಬಷ್ಟು ಅದರ ಹಾಗೇ ಇತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ಕಣ್ಣು ಮುಚ್ಚಿ ಕೈಯಾಡಿಸಿದ. ಮೀನಖಂಡದ ಹತ್ತಿರ ಬೆರಳಿಗೆ ಏನೋ ತಿಳಿದಂತಾಯಿತು, ತಿಳಿಯಿತೆಂದು ಆಣೆ ಮಾಡಿ ಹೇಳುವಂತಿರಲಿಲ್ಲ. ಮತ್ತೆ ಒಲೆ, ಹಾಳೆ, ಪಂಪು. ಪ್ಲಾಸ್ಟಿಕ್ಕು ತಣಿಯುವಾಗ ಟಿಕ್ ಟಿಕ್ ಎನ್ನುತ್ತಿತ್ತು. ಬೆಲ್ಟಿನಕ್ಕ ಹೊರಡುವ ಹೊತ್ತಾಗಿದ್ದರೂ ಹೊರಡದೆ, ಹೊಲಿದದ್ದನ್ನೇ ಮತ್ತೆ ಹೊಲಿಯುತ್ತಿದ್ದಳು. ನಾಲ್ಕೂ ಮುಕ್ಕಾಲಿಗೆ ಅವನು ಕಾಲನ್ನು ಎರಡೂ ಕೈಯಲ್ಲಿ ಹಿಡಿದು ಹೊರಗೆ ತಂದ.

ಕಂಡಕ್ಟರಮ್ಮ ಕಾಲುಚೀಲವನ್ನು ಸುಕ್ಕಿಲ್ಲದ ಹಾಗೆ ಎಳೆದು, ಉಳಿದ ಕಾಲನ್ನು ಬಟ್ಟಲೊಳಗೆ ಇಳಿಸಿದರು. ಮುಖದಲ್ಲಿ ಏನೂ ಕಾಣಲಿಲ್ಲ. ಎದ್ದು, ಒಳಗೆ ಕಂಬಿಗಳ ನಡುವೆ ಬಂದು, ಎರಡೂ ಕಂಬಿ ಹಿಡಿದು ನಿಂತರು. ಕಂಬಿಯ ತುದಿಯಲ್ಲಿ ಅವನೇ ಎಳೆದು ತಂದಿಟ್ಟ ಮರದ ಮೆಟ್ಟಿಲಿತ್ತು, ಬಸ್ಸಿನದರಷ್ಟೇ ಎತ್ತರದ್ದು. ಒಂದು ಹೆಜ್ಜೆ. ಪ್ಲಾಸ್ಟಿಕ್ಕಿನೊಳಗೆ ಸದ್ದಾಗಲಿಲ್ಲ. ಎರಡನೆಯ ಹೆಜ್ಜೆ. ಅವನು ಅವರ ಕಾಲು ನೋಡಲಿಲ್ಲ, ಬಲಭುಜ ನೋಡುತ್ತಿದ್ದ. ಮೂರನೆಯದಕ್ಕೆ ಅವರು ಮೆಟ್ಟಿಲ ಮುಂದೆ ಬಂದು ನಿಂತರು. ನಿಂತೇ ಇದ್ದರು. ಗಡಿಯಾರ ನೋಡಿಕೊಳ್ಳಲಿಲ್ಲ. ಬೆಲ್ಟಿನಕ್ಕನ ಕತ್ತರಿ ಗಾಳಿಯಲ್ಲಿ ಬಾಯಿ ತೆರೆದು ನಿಂತಿತ್ತು. ಮೇಸ್ತ್ರಿ ಇಂಥ ಹೊತ್ತಿನಲ್ಲಿ ಏನು ಮಾಡುತ್ತಿದ್ದರೆಂದು ಅವನಿಗೆ ನೆನಪಾಯಿತು, ಪರದೆಯ ಅಂಚಿನಿಂದ ಕಂಡ ನೆನಪು: ಎದುರಿಗೆ ನಿಂತು, ಹಿಮ್ಮುಖವಾಗಿ ಒಂದೊಂದೇ ಹೆಜ್ಜೆ ಸರಿಯುತ್ತಾ, ಅಂಗೈ ಮೇಲೆ ಮಾಡಿ ಕೈ ಚಾಚುತ್ತಿದ್ದರು. ಅವನು ಮೆಟ್ಟಿಲ ಆಚೆ ಹೋಗಿ ನಿಂತು ಕೈ ಚಾಚಿದ. ಕೈ ಮೊಣಕೈವರೆಗೂ ಫೋಮಿನ ಪುಡಿಯಿಂದ ಬಿಳಿಯಾಗಿತ್ತು. ಮಣಿಕಟ್ಟಿನ ಮೇಲೆ ನಾಲ್ಕು ಉಗುರುಗಳ ಗುರುತು ಮಾತ್ರ ಕೆಂಪಗಿತ್ತು. ಅದನ್ನು ಅವನು ಕಂಡ. ಅವರೂ ಕಂಡರು.

ಕಂಡಕ್ಟರಮ್ಮ ಕಂಬಿಯಿಂದ ಎಡಗೈ ತೆಗೆದರು. ಆಮೇಲೆ ಬಲಗೈ.

"ಬೇಡ" ಎಂದರು. "ದಾರಿ ಬಿಡಿ."